ಸರದಿ ಬರುವವರೆಗೆ ಚಾಟ್‌ಬಾಟ್ ಜೊತೆ ಮಾತಾಡಬಹುದೇ?

ಪ್ರಶ್ನೆ: ನನಗೆ ಖಿನ್ನತೆ ಮತ್ತು ಆತಂಕ ಇದೆ ಎಂದು ವೈದ್ಯರು ಹೇಳಿದ್ದಾರೆ. ಥೆರಪಿಗೆ ಹೆಸರು ಬರೆಸಿದ್ದೇನೆ, ಆದರೆ ಮೊದಲ ಭೇಟಿಗೆ ಇನ್ನೂ ಎರಡು ತಿಂಗಳಿದೆ. ಅಲ್ಲಿಯವರೆಗೆ ಫೋನಿನಲ್ಲಿ ಸಿಗುವ ಚಾಟ್‌ಬಾಟ್ ಆ್ಯಪ್ ಬಳಸಿದರೆ ಉಪಯೋಗವಾದೀತೇ, ಇಲ್ಲ ಇದ್ದದ್ದೂ ಕೆಟ್ಟೀತೇ?

ಬಳಸಬಹುದು. ಆದರೆ ಸಿಕ್ಕಿರುವ ಅಪಾಯಿಂಟ್‌ಮೆಂಟನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಇದನ್ನು ಮೊದಲೇ ಹೇಳಲು ಕಾರಣವಿದೆ. ಇಂಥ ಆ್ಯಪ್ ಕೆಲಸಕ್ಕೆ ಬಾರದೇ ಹೋದರೆ ದೊಡ್ಡ ನಷ್ಟವೇನಿಲ್ಲ, ಅಳಿಸಿ ಹಾಕುತ್ತೀರಿ. ಅರ್ಧಂಬರ್ಧ ಕೆಲಸ ಮಾಡಿದಾಗಲೇ ನನಗೆ ಭಯ. ಮನಸ್ಸು ಕೊಂಚ ಹಗುರಾದ ಯಾವುದೋ ವಾರದಲ್ಲಿ ‘ಇನ್ನು ಅಲ್ಲಿಗೆಲ್ಲ ಹೋಗುವುದು ಬೇಕಾ’ ಅನ್ನಿಸಿ ಭೇಟಿ ರದ್ದಾಗುತ್ತದೆ. ಮತ್ತೆ ಕುಸಿದಾಗ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು.

ಕಾಯುವುದೆಂದರೆ ಬರೀ ದಿನ ಎಣಿಸುವುದು, ಅದರಿಂದ ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ ಎಂದುಕೊಳ್ಳುತ್ತೇವೆ. ಹಾಗಲ್ಲ. ಖಿನ್ನತೆಯ ಚಿಕಿತ್ಸೆಯ ಹಲವು ಪ್ರಯೋಗಗಳನ್ನು ಒಟ್ಟಿಗೆ ಹೋಲಿಸಿ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ವಿಚಿತ್ರವಾದದ್ದೊಂದು ಕಂಡುಬಂತು. ‘ನಿಮ್ಮ ಸರದಿ ಆಮೇಲೆ’ ಎಂದು ಕಾಯಲು ಬಿಟ್ಟವರು, ಚಿಕಿತ್ಸೆಯೇ ಇಲ್ಲದ ಗುಂಪಿನವರಿಗಿಂತಲೂ ಕಡಿಮೆ ಚೇತರಿಸಿಕೊಂಡಿದ್ದರು. ಬಹುಶಃ ಕಾಯುವವರು ನಿಜಕ್ಕೂ ಕಾಯುತ್ತಾರೆ. ವಾಕಿಂಗ್, ಗೆಳೆಯರ ಭೇಟಿ, ನಿದ್ದೆಯ ಹೊತ್ತು ಸರಿಮಾಡಿಕೊಳ್ಳುವುದು, ಎಲ್ಲವನ್ನೂ ‘ಥೆರಪಿ ಶುರುವಾಗಲಿ, ನೋಡೋಣ’ ಎಂದು ಮುಂದಕ್ಕೆ ಹಾಕುತ್ತಾರೆ. ಚಾಟ್‌ಬಾಟ್‌ಗೆ ಏನಾದರೂ ಕೆಲಸವಿದ್ದರೆ ಅದು ಈ ‘ನೋಡೋಣ’ವನ್ನು ಮುರಿಯುವುದು.

ಪುರಾವೆ ಇದೆಯೇ? ಸ್ವಲ್ಪ ಇದೆ. ವೋಬಾಟ್ ಎಂಬ ಆ್ಯಪನ್ನು 18ರಿಂದ 28 ವಯಸ್ಸಿನ 70 ಮಂದಿಯ ಮೇಲೆ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಬಂತು. ಎರಡು ವಾರದಲ್ಲಿ, ಖಿನ್ನತೆಯ ಬಗೆಗಿನ ಇ-ಪುಸ್ತಕ ಮಾತ್ರ ಸಿಕ್ಕವರಿಗಿಂತ ಇದನ್ನು ಬಳಸಿದವರ ಖಿನ್ನತೆಯ ಲಕ್ಷಣಗಳು ಹೆಚ್ಚು ಇಳಿದಿದ್ದವು. ನಿಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾದದ್ದು 2025ರ ಥೆರಾಬಾಟ್ ಪ್ರಯೋಗ. ಅಮೆರಿಕದ ಡಾರ್ಟ್‌ಮತ್ ಸಂಶೋಧಕರು 210 ವಯಸ್ಕರನ್ನು ಆರಿಸಿ, ಕೆಲವರಿಗೆ ಬಾಟ್ ಕೊಟ್ಟರು, ಉಳಿದವರನ್ನು ಕಾಯುವ ಪಟ್ಟಿಯಲ್ಲಿಟ್ಟರು. ಬಾಟ್ ಸಿಕ್ಕ ಖಿನ್ನತೆಯವರಲ್ಲಿ ಲಕ್ಷಣಗಳು ಸರಾಸರಿ 51 ಶೇಕಡ, ಆತಂಕದವರಲ್ಲಿ 31 ಶೇಕಡ ಇಳಿದವು.

ಅಂಕಿ ನೋಡಿ ಹಿಗ್ಗುವ ಮೊದಲು ಎರಡು ಮಾತು. ಹೋಲಿಕೆ ನಡೆದದ್ದು ಏನೂ ಸಿಗದವರ ಜೊತೆ, ಥೆರಪಿಸ್ಟ್ ಜೊತೆಯಲ್ಲ. ಇನ್ನೊಂದು, ಆ ಪ್ರಯೋಗದಲ್ಲಿ ಬಾಟ್ ಕಳಿಸುತ್ತಿದ್ದ ಸಂದೇಶಗಳ ಮೇಲೆ ಪರಿಣತರು ಕಣ್ಣಿಟ್ಟಿದ್ದರು, ತಪ್ಪಿದರೆ ತಿದ್ದುತ್ತಿದ್ದರು. ನೀವು ಡೌನ್‌ಲೋಡ್ ಮಾಡುವ ಆ್ಯಪಿನ ಹಿಂದೆ ಹಾಗೆ ಯಾರಾದರೂ ಕೂತಿರುತ್ತಾರೆ ಎಂದು ನಂಬಿಕೊಳ್ಳಬೇಡಿ.

ಆ್ಯಪ್‌ಗಳಲ್ಲಿ ಎರಡು ಜಾತಿ. ಒಂದು ಹಳೆಯ ಕಾಲದ ಮೇಷ್ಟ್ರಂತೆ: ಪರಿಣತರು ಮೊದಲೇ ಬರೆದಿಟ್ಟ ಮಾತುಗಳನ್ನು, ನಿಮ್ಮ ಉತ್ತರ ನೋಡಿ ಒಂದೊಂದಾಗಿ ಕೊಡುತ್ತದೆ. ಇನ್ನೊಂದು ಏನು ಕೇಳಿದರೂ ಆ ಕ್ಷಣದಲ್ಲೇ ಹೊಸದಾಗಿ ವಾಕ್ಯ ಹೊಸೆಯುವ ಎಐ. ಮೊದಲನೆಯದು ಬೇಗ ಬೇಸರ ತರಿಸುತ್ತದೆ, ಹೇಳಿದ್ದನ್ನೇ ಹೇಳುತ್ತದೆ. ಎರಡನೆಯದು ಮಾತಿನಲ್ಲಿ ಮನುಷ್ಯರನ್ನೂ ಮೀರಿಸುತ್ತದೆ. ಕಾಯುವ ಕಾಲಕ್ಕೆ ನನ್ನ ಓಟು ಆ ಬೇಸರದ ಮೇಷ್ಟ್ರಿಗೇ. ಅದು ಏನು ಹೇಳಬಹುದು ಎಂಬುದಕ್ಕೆ ಒಂದು ಬೇಲಿಯಿದೆ.

ಯಂತ್ರ ಪೆದ್ದಾಗಿದ್ದರೂ ನಾವು ಅದಕ್ಕೆ ಅಂಟಿಕೊಳ್ಳುತ್ತೇವೆ, ಅದು ಬೇರೆ ಮಾತು. ಜೋಸೆಫ್ ವೈಜೆನ್‌ಬಾಮ್ ಎಂಬ ಎಂಐಟಿ ವಿಜ್ಞಾನಿ 1966ರಲ್ಲಿ ಎಲೈಜಾ ಎಂಬ ಪ್ರೋಗ್ರಾಮ್ ಪ್ರಕಟಿಸಿದ. ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸುವುದರ ಆಚೆ ಅದಕ್ಕೆ ಹೆಚ್ಚೇನೂ ಬರುತ್ತಿರಲಿಲ್ಲ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವನ ಕಾರ್ಯದರ್ಶಿಯೇ, ನಾಲ್ಕು ಮಾತಾಡುವಷ್ಟರಲ್ಲಿ ‘ನೀವು ಸ್ವಲ್ಪ ಹೊರಗೆ ಹೋಗ್ತೀರಾ’ ಎಂದಳಂತೆ!

ಇನ್ನು, ಇವು ಮಾಡುವ ಒಳ್ಳೆಯ ಕೆಲಸ ಏನು? ಹೆಚ್ಚಿನವು, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಥೆರಪಿಯ ಸಣ್ಣ ಅಭ್ಯಾಸಗಳನ್ನು ಮಾಡಿಸುತ್ತವೆ. ಗೆಳತಿ ಮೆಸೇಜಿಗೆ ಉತ್ತರ ಕೊಡಲಿಲ್ಲ. ‘ಅವಳಿಗೆ ನಾನು ಬೇಡವಾಗಿದ್ದೇನೆ’ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಬಾಟ್ ಕೇಳುತ್ತದೆ: ನಿಜವಾಗಿ ಆದದ್ದೇನು, ನೀವು ಸೇರಿಸಿದ್ದೇನು, ಬೇರೆ ಕಾರಣ ಇರಬಹುದೇ? ಬರೆಯುತ್ತಾ ಹೋದಂತೆ ಘಟನೆ ಮತ್ತು ತೀರ್ಪು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಇನ್ನೊಂದು ಅಭ್ಯಾಸ ಇನ್ನೂ ಸರಳ. ಖಿನ್ನತೆಯಲ್ಲಿ ಮನಸ್ಸಿಲ್ಲವೆಂದು ಕೆಲಸ ಬಿಡುತ್ತೇವೆ, ಬಿಟ್ಟದ್ದರಿಂದ ಮನಸ್ಸು ಮತ್ತಷ್ಟು ಇಳಿಯುತ್ತದೆ. ಹಾಗಾಗಿ ಮನಸ್ಸು ಬರಲಿ ಎಂದು ಕಾಯದೆ ದಿನಕ್ಕೊಂದು ಚಿಕ್ಕ ಕೆಲಸ ಗೊತ್ತುಮಾಡಿ ಮಾಡಿ ಮುಗಿಸುವುದು. ನೆನಪಿಸಲು, ‘ಮಾಡಿದಿರಾ’ ಎಂದು ಕೇಳಲು ಬಾಟ್ ಸಾಕು.

ಕೆಡುಕು ಎಲ್ಲಿ ಎಂದರೆ, ಅದು ದಣಿಯದಿರುವುದರಲ್ಲಿ. ಗೀಳಿನ ಕಾಯಿಲೆ ಇರುವವರನ್ನೋ ಆರೋಗ್ಯದ ಬಗ್ಗೆ ಅತಿ ಆತಂಕ ಇರುವವರನ್ನೋ ನೋಡಿ. ‘ಏನೂ ಆಗಲ್ಲ ಅಲ್ವಾ?’ ಎಂದು ಮತ್ತೆ ಮತ್ತೆ ಕೇಳಿ ಸಮಾಧಾನ ಪಡೆಯುವುದೇ ಆ ಕಾಯಿಲೆಗೆ ಹಾಕುವ ಗೊಬ್ಬರ. ಮನೆಯವರಾದರೆ ಹತ್ತನೇ ಸಲಕ್ಕೆ ‘ಸಾಕು ಮಾರಾಯ’ ಅನ್ನುತ್ತಾರೆ. ಎಐ ನೂರನೇ ಸಲವೂ ಅಷ್ಟೇ ನಯವಾಗಿ ‘ಏನೂ ಆಗುವುದಿಲ್ಲ’ ಎನ್ನುತ್ತದೆ. ನೀವು ಒಂದೇ ಪ್ರಶ್ನೆಯನ್ನು ಮಾತು ಬದಲಿಸಿ ಕೇಳುತ್ತಿದ್ದೀರಿ ಎಂದು ಗೊತ್ತಾದ ದಿನ ಆ್ಯಪ್ ಮುಚ್ಚಿಡಿ.

ಹೌದಪ್ಪಗಿರಿಯ ಸಮಸ್ಯೆಯೂ ಇದೆ. ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐ 2025ರ ಏಪ್ರಿಲ್‌ನಲ್ಲಿ ತನ್ನದೇ ಒಂದು ಅಪ್‌ಡೇಟನ್ನು, ಅದು ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿದೆ ಎಂಬ ಕಾರಣಕ್ಕೆ ಹಿಂತೆಗೆದುಕೊಂಡಿತು. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂದು ನಂಬಿದವರಿಗೆ, ನಿದ್ದೆಯಿಲ್ಲದೆ ಉನ್ಮಾದದಲ್ಲಿ ಇರುವವರಿಗೆ ತಲೆಯಾಡಿಸುವ ಜೊತೆಗಾರ ಬೇಡವೇ ಬೇಡ. ತಿನ್ನುವ ಸಮಸ್ಯೆ ಇರುವವರಿಗೂ ಎಚ್ಚರ ಬೇಕು: ಅವರಿಗೆಂದೇ ಅಮೆರಿಕದ ಒಂದು ಸಂಸ್ಥೆ ನಡೆಸುತ್ತಿದ್ದ ಟೆಸ್ಸಾ ಎಂಬ ಬಾಟ್ ತೂಕ ಇಳಿಸುವ ಸಲಹೆ ಕೊಡುತ್ತಿದೆಯೆಂದು ದೂರು ಬಂದು, 2023ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಗುಟ್ಟಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಡಾಕ್ಟರಿಗೆ ಇರುವ ಗೋಪ್ಯತೆಯ ಕಟ್ಟುಪಾಡು ಆ್ಯಪಿಗೆ ಇರಲೇಬೇಕೆಂದಿಲ್ಲ. ಆನ್‌ಲೈನ್ ಥೆರಪಿ ಕಂಪನಿಯಾದ ಬೆಟರ್‌ಹೆಲ್ಪ್, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟಿತೆಂಬ ಪ್ರಕರಣದಲ್ಲಿ 2023ರಲ್ಲಿ 78 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಹೆಸರು, ಕಚೇರಿ, ಇತರರ ಗುರುತು ಯಾವುದನ್ನೂ ಟೈಪ್ ಮಾಡಬೇಡಿ.

ಈಗ ನಿಮ್ಮ ಎರಡು ತಿಂಗಳು. ಹಗಲು ಹೊತ್ತಿನಲ್ಲಿ, ದಿನಕ್ಕೆ ಹದಿನೈದು ನಿಮಿಷ ಸಾಕು. ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದರೆ ಬಾಟ್ ಕೊಡುವ ಸಮಾಧಾನಕ್ಕಿಂತ ಕಳೆದುಹೋಗುವ ನಿದ್ದೆಯೇ ದುಬಾರಿ. ಮೂರನೇ ವಾರಕ್ಕೆ ಬೇಜಾರಾಗಿ ಬಿಟ್ಟರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಮಾನಸಿಕ ಆರೋಗ್ಯದ ಆ್ಯಪ್‌ಗಳ ಬಗ್ಗೆ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, ಹಾಕಿಕೊಂಡವರಲ್ಲಿ ಹದಿನೈದನೇ ದಿನಕ್ಕೆ ಉಳಿಯುತ್ತಿದ್ದವರು ಸುಮಾರು 4 ಶೇಕಡ ಮಾತ್ರ.

ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ತುಂಬಿ. ಒಂಬತ್ತೇ ಪ್ರಶ್ನೆ, ಒಟ್ಟು 27 ಅಂಕ. ಹೆಚ್ಚು ಬಂದಷ್ಟೂ ಖಿನ್ನತೆ ತೀವ್ರ. ಅಂಕ ಏರುತ್ತಲೇ ಹೋದರೆ ಕ್ಲಿನಿಕ್ಕಿಗೆ ಫೋನ್ ಮಾಡಿ, ಇನ್ನೂ ಬೇಗ ಭೇಟಿ ಕೊಡಲು ಸಾಧ್ಯವೇ ಎಂದು ಕೇಳಿ. ಒಂಬತ್ತನೆಯ ಪ್ರಶ್ನೆ ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದರೆ ಬಾಟನ್ನು ಪಕ್ಕಕ್ಕಿಡಿ. ಅದೇ ದಿನ ವೈದ್ಯರಿಗೆ ಇಲ್ಲವೇ ಸಹಾಯವಾಣಿಗೆ ಕರೆಮಾಡಿ. ಏನಾದರೂ ಮಾಡಿಕೊಂಡುಬಿಡುತ್ತೇನೇನೋ ಅನ್ನಿಸಿದರೆ ತುರ್ತು ಚಿಕಿತ್ಸಾ ಘಟಕಕ್ಕೇ ಹೋಗಿ, ಜೊತೆಗೆ ಯಾರನ್ನಾದರೂ ಕರೆದುಕೊಳ್ಳಿ.

ಬರೆದದ್ದನ್ನೆಲ್ಲ ಆ್ಯಪಿನೊಳಗೇ ಬಿಡಬೇಡಿ. ಮೇಲೆ ಹೇಳಿದ ವೋಬಾಟ್ 2025ರ ಜೂನ್ ಕೊನೆಗೆ ಬಾಗಿಲು ಹಾಕಿತು. ನಿಮ್ಮ ಅಂಕಗಳು, ಪದೇ ಪದೇ ಬಂದ ಯೋಚನೆಗಳು, ಯಾವುದರಿಂದ ಸ್ವಲ್ಪವಾದರೂ ಹಗುರಾಯಿತು ಎಂಬುದನ್ನು ಒಂದು ಹಾಳೆಗೆ ಇಳಿಸಿ. ಬೇರೆ ಯಾರ ಹತ್ತಿರವೂ ಬಾಯಿಬಿಡಲಾಗದೆ ಬಾಟ್‌ಗೆ ಮಾತ್ರ ಟೈಪ್ ಮಾಡಿದ ಒಂದು ಸಾಲು ಇದ್ದೇ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಮೊದಲ ಭೇಟಿಯಲ್ಲಿ ಓದಿ ಹೇಳಲು ನಾಲಿಗೆ ಹೊರಳದಿದ್ದರೆ ಹಾಳೆಯನ್ನೇ ಅವರ ಕೈಗೆ ಕೊಟ್ಟುಬಿಡಿ.