ಗೋಲಿಯಾತ್ ಜೇಡ: ಹೆದರಬೇಕಾದ್ದು ಕಡಿತಕ್ಕಲ್ಲ, ರೋಮಕ್ಕೆ

ಜೇಡಗಳ ಬಗ್ಗೆ ಎಲ್ಲಿ ಮಾತಾಡಲು ಹೋದರೂ ಗೋಲಿಯಾತ್ ಜೇಡದ ಚಿತ್ರ ತೋರಿಸಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಇದು ಕಚ್ಚಿದರೆ ಸಾಯ್ತಾರಾ ಸಾರ್?" ಇಲ್ಲ. ಹಲ್ಲು ಎರಡು ಸೆಂ.ಮೀ.ಗೂ ಉದ್ದ, ಕಚ್ಚಿದರೆ ಚೆನ್ನಾಗಿಯೇ ನೋಯುತ್ತದೆ, ಆದರೆ ಅದರ ವಿಷ ಮನುಷ್ಯನ ಪ್ರಾಣಕ್ಕೆ ಎರವಾಗುವಂಥದ್ದಲ್ಲ. ನಾನು ಎಚ್ಚರಿಸುವುದು ಅದರ ಬೆನ್ನಿನ ರೋಮದ ಬಗ್ಗೆ.

ಥೆರಾಫೋಸಾ ಬ್ಲಾಂಡಿ ಎಂಬ ವೈಜ್ಞಾನಿಕ ಹೆಸರಿನ ಈ ಜೇಡ ವೆನೆಜುವೆಲಾ, ಗಯಾನಾ, ಸುರಿನಾಮ್, ಫ್ರೆಂಚ್ ಗಯಾನಾ ಮತ್ತು ಉತ್ತರ ಬ್ರೆಜಿಲ್‌ನ ಮಳೆಕಾಡಿನ ಒದ್ದೆ ನೆಲದಲ್ಲಿ, ಬಿಲದೊಳಗೆ ಬದುಕುತ್ತದೆ. ತೂಕದಲ್ಲಿ ಇದನ್ನು ಮೀರಿಸುವ ಜೇಡವಿಲ್ಲ. 170 ಗ್ರಾಂ ತೂಗಿದ್ದೂ ಇದೆ. ಕಾಲು ಚಾಚಿದರೆ 28 ಸೆಂ.ಮೀ.ವರೆಗೆ. ಹಕ್ಕಿ ಹಿಡಿಯುತ್ತದೆಂದು ಹೆಸರಾಗಿದ್ದರೂ ಹೊಟ್ಟೆ ತುಂಬಿಸುವುದು ಹೆಚ್ಚಾಗಿ ಎರೆಹುಳ, ಕೀಟ, ಕಪ್ಪೆಗಳು.

ಕೆಣಕಿದರೆ ಮೊದಲು ಕಾಲಿನ ಬಿರುಗೂದಲು ಉಜ್ಜಿ ಬುಸ್ಸೆನ್ನುತ್ತದೆ. ಕೆಲವು ಮೀಟರ್ ದೂರದವರೆಗೂ ಕೇಳಿಸುತ್ತದೆ. ಆಮೇಲೆ ಹಿಂಗಾಲಿನಿಂದ ಹೊಟ್ಟೆಯ ಮೇಲ್ಭಾಗವನ್ನು ಕೆರೆದು ರೋಮದ ಮೋಡವನ್ನೇ ಗಾಳಿಗೆ ಬಿಡುತ್ತದೆ. ಪ್ರತಿ ರೋಮಕ್ಕೂ ಸೂಕ್ಷ್ಮ ಮುಳ್ಳುಗಳಿವೆ. ಚರ್ಮಕ್ಕೆ ತಗುಲಿದರೆ ಕಂಬಳಿಹುಳ ಮುಟ್ಟಿದಂಥ ಉರಿ, ತುರಿಕೆ. ಮೂಗಿಗೆ, ಗಂಟಲಿಗೆ ಹೋದರೆ ಇನ್ನೂ ಕಷ್ಟ. ಕಣ್ಣಿಗೆ ಬಿದ್ದರೆ ಉಜ್ಜಲೇಬಾರದು, ಕಾರ್ನಿಯಾದೊಳಗೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದೊಳಗೆ, ಇಳಿದುಬಿಡುತ್ತದೆ. ಕಣ್ಣಿನ ವೈದ್ಯರ ಬಳಿಗೇ ಹೋಗಬೇಕು. ಚರ್ಮದ ಮೇಲಿನದನ್ನು ಅಂಟುಟೇಪು ಒತ್ತಿ ಎತ್ತಬಹುದು. ಬೆನ್ನಲ್ಲಿ ಬೋಳು ಮಚ್ಚೆ ಕಂಡರೆ ಆ ಜೇಡ ಇತ್ತೀಚೆಗೆ ರೋಮ ಕೆರೆದು ಉದುರಿಸಿದೆ ಎಂದೇ ಓದಿಕೊಳ್ಳಿ. ಮುಂದಿನ ಸಲ ಪೊರೆ ಕಳಚಿದಾಗ ಹೊಸ ರೋಮ ಬರುತ್ತದೆ.

ಗೋಲಿಯಾತ್ ಸೇರಿರುವುದು ಟರಂಟುಲಾ ಎಂಬ ದೊಡ್ಡ, ರೋಮಭರಿತ ಜೇಡಗಳ ಗುಂಪಿಗೆ. ಈ ಅಸ್ತ್ರ ಇರುವುದು ಅಮೆರಿಕಾ ಖಂಡಗಳ ಟರಂಟುಲಾಗಳಿಗೆ ಮಾತ್ರ. ನಮ್ಮ ಪಶ್ಚಿಮ ಘಟ್ಟದ ಟರಂಟುಲಾಗಳಿಗೆ ಇಲ್ಲ. ಕೆಣಕಿದರೆ ಅವಕ್ಕೆ ಉಳಿಯುವುದು ಓಡುವುದು, ಇಲ್ಲವೇ ಕಚ್ಚುವುದು. ಕೆಲವು ಜಾತಿಗಳ ಕಡಿತದಿಂದ ಸ್ನಾಯು ಸೆಳೆತವೂ ಬರುತ್ತದೆ. ಅಮೆಜಾನಿನ ಜೇಡವನ್ನು ಅಂಗೈಯಲ್ಲಿಟ್ಟುಕೊಂಡವರ ವಿಡಿಯೊ ನೋಡಿ ತೋಟದ ಬದುವಿನ ಬಿಲಕ್ಕೆ ಕೈಹಾಕುವ ಹುಡುಗರನ್ನು ನಾನು ತಡೆಯುವುದು ಇದಕ್ಕೇ.

ನನಗೆ ಬೆರಗು ಹುಟ್ಟಿಸುವುದು ಹೆಣ್ಣು ಗೋಲಿಯಾತ್ ಈ ರೋಮವನ್ನು ಮನೆಗೆಲಸಕ್ಕೂ ಬಳಸುವ ರೀತಿ. ಮೊಟ್ಟೆಚೀಲದ ರೇಷ್ಮೆಯಲ್ಲಿ, ಪೊರೆ ಕಳಚುವಾಗ ಹಾಸಿಕೊಳ್ಳುವ ರೇಷ್ಮೆಯಲ್ಲಿ ರೋಮ ಬೆರೆಸುತ್ತದೆ. ಮೊಟ್ಟೆ ತಿನ್ನಲು ಬರುವ ನೊಣದ ಮರಿಹುಳುಗಳಿಗೆ ಅದನ್ನು ದಾಟುವುದು ಕಷ್ಟ. ವೆನೆಜುವೆಲಾದ ಪಿಯರೋವಾ ಜನರಿಗೆ ಈ ಜೇಡ ಆಹಾರ. ಅವರೂ ಮೊದಲು ಮಾಡುವ ಕೆಲಸ ರೋಮವನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುವುದು.