ಅಂಗೈಯಗಲದಲ್ಲಿ ಅಡಿಕೆ ಧಾರಣೆ

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆಯನ್ನು ತೋರಿಸಲು ಐದು ಅಂಕಣ ಸಾಕು: ಬಗೆ, ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ. ಕೆಳಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕು ಸಾಲು. ಕಂಪ್ಯೂಟರಿನ ಮುಂದೆ ಕೂತವರಿಗೆ ಇದನ್ನು ಓದಲು ಏನೂ ತೊಂದರೆಯಿಲ್ಲ. ಆದರೆ ಇದು ಬೇಕಾಗಿರುವುದು ತೀರ್ಥಹಳ್ಳಿಯಾಚೆಯ ತೋಟದಲ್ಲಿ, ಹೊಸನಗರದ ಬಸ್ಸಿನಲ್ಲಿ ಫೋನ್ ಹಿಡಿದು ನಿಂತವರಿಗೆ. ಐದನೆಯ ಅಂಕಣ ಅವರ ಪರದೆಯ ಬಲ ಅಂಚು ದಾಟಿ ಹೊರಗೆ ಹೋಗಿರುತ್ತದೆ. ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೆಂದು ಹೇಳುವುದು ಅದೇ ಅಂಕಣ. ಬೆಳೆಗಾರರಿಗೆ ಬೇಕಾದದ್ದೇ ಕಾಣದಿದ್ದರೆ ಆ ಪುಟ ಇದ್ದೂ ಇಲ್ಲದಂತೆ.

ಫೋನಿನ ಪರದೆ ಎಷ್ಟು ಅಗಲ? ಫೋನಿನ ಪೆಟ್ಟಿಗೆಯ ಮೇಲೆ 1080 ಪಿಕ್ಸೆಲ್ ಎಂದಿರಬಹುದು. ಅದು ಗಾಜಿನ ಹಿಂದಿರುವ ಬೆಳಕಿನ ಚುಕ್ಕಿಗಳ ಲೆಕ್ಕ. ಪುಟವನ್ನು ಜೋಡಿಸುವಾಗ ಬ್ರೌಸರ್ ಎಣಿಸುವ ಪಿಕ್ಸೆಲ್ಲೇ ಬೇರೆ. ಅಂಥ ಫೋನುಗಳಲ್ಲಿ ಬಹಳಷ್ಟು, ಅಡ್ಡಕ್ಕೆ ಮೂರು ಚುಕ್ಕಿ ಸೇರಿಸಿ ಒಂದು ಪಿಕ್ಸೆಲ್ ಎಂದು ಎಣಿಸುತ್ತವೆ. ಹಾಗಾಗಿ ಬ್ರೌಸರಿಗೆ ಸಿಗುವ ಜಾಗ ಬರೀ 360 ಪಿಕ್ಸೆಲ್. 2007ರಲ್ಲಿ ಐಫೋನ್ ಬಂದಾಗ ಜಾಲಪುಟಗಳು ಹೆಚ್ಚುಕಡಿಮೆ ಎಲ್ಲವೂ ಕಂಪ್ಯೂಟರಿಗೆಂದೇ ಮಾಡಿದವಾಗಿದ್ದವು. ಅದರ ಬ್ರೌಸರ್ ತನ್ನ ಅಗಲ 980 ಪಿಕ್ಸೆಲ್ ಎಂದೇ ಭಾವಿಸಿ ಪುಟವನ್ನು ಜೋಡಿಸಿ, ಆಮೇಲೆ ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತಿತ್ತು. ಈಗಲೂ ಪುಟವನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ತಲೆಭಾಗದಲ್ಲಿ, ಪರದೆಯ ನಿಜವಾದ ಅಗಲವನ್ನೇ ಬಳಸು ಎನ್ನುವ ‘ವ್ಯೂಪೋರ್ಟ್’ ಎಂಬ ಒಂದು ಸಾಲನ್ನು ಬರೆಯದಿದ್ದರೆ ಫೋನ್ ಹಾಗೆಯೇ ಮಾಡುತ್ತದೆ. ಅದೊಂದು ಸಾಲು ತಪ್ಪಿಹೋದರೆ ಮುಂದಿನ ಯಾವ ಜಾಣತನವೂ ಉಪಯೋಗಕ್ಕೆ ಬಾರದು.

ಪರದೆಯ ಅಗಲ ನೋಡಿಕೊಂಡು ಪುಟ ತಾನೇ ಹೊಂದಿಕೊಳ್ಳಬೇಕು ಎಂಬ ವಿಚಾರಕ್ಕೆ 2010ರಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಹೆಸರು ಕೊಟ್ಟರು. ಅದರ ಬೆನ್ನೆಲುಬು, ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಭಾಷೆಯ ಮೀಡಿಯಾ ಕ್ವೆರಿ. ‘ಅಗಲ ಕನಿಷ್ಠ 768 ಪಿಕ್ಸೆಲ್ ಇದ್ದರೆ ಈ ನಿಯಮ ಜಾರಿಯಾಗಲಿ’ ಎಂದು ಬರೆದಿಟ್ಟರೆ, ಕಿಟಕಿ ಹಿಗ್ಗಿದಾಗ, ಕುಗ್ಗಿದಾಗ, ಫೋನನ್ನು ಅಡ್ಡ ಮಾಡಿದಾಗ ಬ್ರೌಸರ್ ಆ ಷರತ್ತನ್ನು ಮತ್ತೆ ಪರಿಶೀಲಿಸುತ್ತದೆ.

ಇದನ್ನು ಬರೆಯುವ ಹಳೆಯ ಪದ್ಧತಿಯಲ್ಲಿ ಪುಟದ ಪ್ರತಿ ಭಾಗಕ್ಕೂ ಒಂದು ಹೆಸರಿಟ್ಟು, ಅದರ ನಿಯಮಗಳನ್ನೆಲ್ಲ ಬೇರೊಂದು ಕಡತದಲ್ಲಿ ಬರೆಯಬೇಕಿತ್ತು. ಪುಟ ಬೆಳೆದ ಹಾಗೆ ಆ ಕಡತವೂ ಬೆಳೆದು, ಯಾವ ಸಾಲು ಅಳಿಸಿದರೆ ಎಲ್ಲಿ ಕೆಡುತ್ತದೋ ಎಂಬ ಭಯದಲ್ಲಿ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಯುಟಿಲಿಟಿ ಕ್ಲಾಸ್ ಈ ಕ್ರಮವನ್ನೇ ಬದಲಿಸಿತು. ಕ್ಲಾಸ್ ಎಂದರೆ ನಿಯಮಕ್ಕಿಟ್ಟ ಹೆಸರು. ಇಲ್ಲಿ ಒಂದು ಕ್ಲಾಸಿಗೆ ಒಂದೇ ಕೆಲಸ. ‘ಫ್ಲೆಕ್ಸ್’ ಅಂದರೆ ಒಳಗಿನವನ್ನು ಸಾಲಾಗಿ ನಿಲ್ಲಿಸು. ‘ಗ್ರಿಡ್-ಕಾಲ್ಸ್-2’ ಅಂದರೆ ಎರಡು ಅಂಕಣ ಮಾಡು. ‘ಪಿ-4’ ಅಂದರೆ ಸುತ್ತ ಇಷ್ಟು ಜಾಗ ಬಿಡು. ಇವನ್ನು ನೇರವಾಗಿ ಎಚ್‌ಟಿಎಂಎಲ್ ಒಳಗೇ ಬರೆಯುತ್ತಾರೆ. ಸಿದ್ಧ ಸಿಎಸ್‌ಎಸ್ ನಿಯಮಗಳ ಕಟ್ಟಾದ 2011ರ ಬೂಟ್‌ಸ್ಟ್ರ್ಯಾಪ್ ತನ್ನ ಹನ್ನೆರಡು ಅಂಕಣದ ಜಾಲರಿಯಿಂದ ಜನಪ್ರಿಯವಾಯಿತು. 2017ರಲ್ಲಿ ಆಡಮ್ ವಾದನ್ ಹೊರತಂದ ಟೈಲ್‌ವಿಂಡ್ ಇಡೀ ಪುಟವನ್ನೇ ಇಂಥ ಚಿಕ್ಕ ಕ್ಲಾಸುಗಳಲ್ಲಿ ಕಟ್ಟುವ ದಾರಿ ಹಿಡಿಯಿತು.

ಟ್ಯಾಗಿನೊಳಗೇ ‘ಸ್ಟೈಲ್’ ಎಂದು ಬರೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸ್ಟೈಲ್ ಒಳಗೆ ಮೀಡಿಯಾ ಕ್ವೆರಿ ಬರೆಯಲು ಬರುವುದಿಲ್ಲ. ಅಲ್ಲಿ ಬರೆದದ್ದು ಎಲ್ಲ ಪರದೆಗೂ ಒಂದೇ. ಯುಟಿಲಿಟಿ ಕ್ಲಾಸಿಗಾದರೆ ಮುಂದೊಂದು ಷರತ್ತು ಅಂಟಿಸಬಹುದು. ಇನ್ನೊಂದು ವ್ಯತ್ಯಾಸ ಅಳತೆಯದು. ಸ್ಟೈಲಿನಲ್ಲಿ 13 ಪಿಕ್ಸೆಲ್, 17 ಪಿಕ್ಸೆಲ್ ಎಂದು ಮನಸ್ಸಿಗೆ ಬಂದಷ್ಟು ಬರೆಯಬಹುದು. ಟೈಲ್‌ವಿಂಡ್‌ನಲ್ಲಿ ಗೊತ್ತುಮಾಡಿದ ಅಳತೆಗಳಿವೆ. ಅಕ್ಕಿ ಅಳೆಯಲು ಸೇರು, ಪಾವು, ಚಟಾಕು ಇದ್ದ ಹಾಗೆ. ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಇಲ್ಲಿಯೂ ಮೂಲ ಅಕ್ಷರ ಗಾತ್ರವನ್ನು ಆಧರಿಸಿದ ‘ರೆಮ್’ ಎಂಬ ಅಳತೆಯಿದೆ. ಒಂದು ರೆಮ್‌ಗೆ ನಾಲ್ಕು ಮೂಲಮಾನ, ಬ್ರೌಸರಿನ ಮೂಲ ಅಕ್ಷರ ಗಾತ್ರ ಬದಲಿಸದಿದ್ದರೆ ಹದಿನಾರು ಪಿಕ್ಸೆಲ್. ‘ಪಿ-4’ ಒಂದು ಸೇರು, ‘ಪಿ-1’ ಒಂದು ಪಾವು. ಪುಟದಲ್ಲಿ ಎಲ್ಲ ಕಡೆ ಇದೇ ಅಳತೆ ಬಳಸಿದಾಗ ಅಂತರಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಕಣ್ಣು ಮಂಜಾದವರು ಬ್ರೌಸರಿನ ಮೂಲ ಅಕ್ಷರ ಗಾತ್ರವನ್ನು ದೊಡ್ಡದು ಮಾಡಿಕೊಂಡರೆ ರೆಮ್ ಕೂಡ ಅದರ ಜೊತೆಗೆ ಬೆಳೆಯುತ್ತದೆ.

ಷರತ್ತಿನ ವಿಷಯದಲ್ಲಿ ಹೊಸಬರು ಬಹಳ ಮಂದಿ ಎಡವುತ್ತಾರೆ. ಕ್ಲಾಸಿನ ಹೆಸರಿನ ಮುಂದೆ ಷರತ್ತಾಗಿ ‘ಎಸ್‌ಎಂ’ ಎಂಬ ಮುನ್ನುಡಿ ಕಂಡರೆ ಅದು ಚಿಕ್ಕ ಫೋನಿಗೆ ಎಂದುಕೊಳ್ಳುತ್ತಾರೆ. ಅದರ ಅರ್ಥ 640 ಪಿಕ್ಸೆಲ್ ಮತ್ತು ಅದಕ್ಕಿಂತ ಹೆಚ್ಚು. ‘ಎಂಡಿ’ ಎಂದರೆ 768ರಿಂದ ಮೇಲೆ, ‘ಎಲ್‌ಜಿ’ 1024ರಿಂದ ಮೇಲೆ. ಮುನ್ನುಡಿಯೇ ಇಲ್ಲದ ಕ್ಲಾಸ್ ಎಲ್ಲಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಫೋನಿಗೆ ಬರೆಯುವುದನ್ನು ಮುನ್ನುಡಿಯಿಲ್ಲದೆ ಮೊದಲು ಬರೆದು, ಜಾಗ ಹೆಚ್ಚಿದಂತೆ ಬೇಕಾದ ಬದಲಾವಣೆಯನ್ನಷ್ಟೇ ಮೇಲೆ ಸೇರಿಸಬೇಕು. ನಮ್ಮ ಧಾರಣೆ ಪಟ್ಟಿಯ ಸಾಲಿಗೆ ‘ಬ್ಲಾಕ್’ ಮತ್ತು ‘ಎಂಡಿ:ಟೇಬಲ್-ರೋ’ ಎಂದು ಬರೆದು, ಸಾಲಿನ ಕೋಶಗಳಿಗೂ ಹೀಗೆಯೇ ಕೊಟ್ಟರೆ, ಫೋನಿನಲ್ಲಿ ರಾಶಿ, ಬೆಟ್ಟೆಗಳ ವಿವರ ಒಂದರ ಕೆಳಗೊಂದು ನಿಲ್ಲುತ್ತದೆ, ದೊಡ್ಡ ಪರದೆಯಲ್ಲಿ ಮತ್ತೆ ಪಟ್ಟಿಯಾಗುತ್ತದೆ.

ಜಾಗ ಸಾಲದೆಂದು ಅಂಕಣಕ್ಕೆ ‘ಹಿಡನ್’ ಹಾಕಿ ಫೋನಿನಲ್ಲಿ ಮರೆಮಾಡುವ ರೂಢಿಯೂ ಇದೆ. ನನಗೆ ಇದು ಒಪ್ಪಿಗೆಯಿಲ್ಲ. ಫೋನಿನಲ್ಲಿ ನೋಡುವವರಿಗೆ ಕಡಿಮೆ ಮಾಹಿತಿ ಸಾಕು ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಮಲೆನಾಡಿನಲ್ಲಿ ಎಷ್ಟೋ ಮನೆಗಳಿಗೆ ಇಂಟರ್‌ನೆಟ್ ಎಂದರೆ ಫೋನೇ. ಅಲ್ಲದೆ ಹೀಗೆ ಮರೆಮಾಡಿದ ಚಿತ್ರ ಸಾಮಾನ್ಯವಾಗಿ ಡೌನ್‌ಲೋಡ್ ಆಗಿಯೇ ಆಗುತ್ತದೆ. ಆಗುಂಬೆಯ ಮಳೆಯಲ್ಲಿ ಸಿಗ್ನಲ್ಲಿಗಾಗಿ ಕಾಯುತ್ತಿರುವವರ ಡೇಟಾ, ಕಣ್ಣಿಗೇ ಬೀಳದ ಚಿತ್ರಕ್ಕೆ ಖರ್ಚಾಗುತ್ತದೆ. ಇಲ್ಲಿ ಟೈಲ್‌ವಿಂಡ್‌ನದೊಂದು ಒಳ್ಳೆಯ ಗುಣ ಹೇಳಲೇಬೇಕು: ಪುಟಗಳನ್ನು ಓದಿ, ಬಳಸಿದ ಕ್ಲಾಸುಗಳನ್ನಷ್ಟೇ ಕೊನೆಯ ಕಡತಕ್ಕೆ ಸೇರಿಸುವುದರಿಂದ ಸಿಎಸ್‌ಎಸ್ ಹಗುರವಾಗಿರುತ್ತದೆ.

ಕನ್ನಡ ಪುಟಕ್ಕೆ ಈ ಸಿದ್ಧ ಅಳತೆಗಳನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಟೈಲ್‌ವಿಂಡ್‌ನಲ್ಲಿ ‘ಟೆಕ್ಸ್ಟ್-5ಎಕ್ಸ್‌ಎಲ್’ ಮತ್ತು ಅದಕ್ಕಿಂತ ದೊಡ್ಡ ಅಕ್ಷರಗಳಿಗೆ ಸಾಲಿನ ಎತ್ತರ 1, ಅಂದರೆ ಅಕ್ಷರದ ಗಾತ್ರದಷ್ಟೇ. ಇಂಗ್ಲಿಷ್ ಶೀರ್ಷಿಕೆಗೆ ಅದು ಸಾಕಾಗುತ್ತದೆ. ‘ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ’ ಎಂಬ ಶೀರ್ಷಿಕೆ ಫೋನಿನಲ್ಲಿ ಎರಡು ಮೂರು ಸಾಲಾಗಿ ಮುರಿದಾಗ ಏನಾಗುತ್ತದೆ ನೋಡಿ. ‘ಕ್ಕಿ’ಯ ಒತ್ತು ಕೆಳಗಿಳಿಯುತ್ತದೆ, ಕೆಳಸಾಲಿನ ‘ರಿ’ಯ ಗುಡಿಸು ಮೇಲೇಳುತ್ತದೆ, ಎರಡೂ ಒಂದಕ್ಕೊಂದು ತಾಗುತ್ತವೆ. ಅದಕ್ಕೆ, ಚೌಕಟ್ಟು ಮೀರಿದ್ದನ್ನು ಮರೆಮಾಡುವ ‘ಓವರ್‌ಫ್ಲೋ-ಹಿಡನ್’ ಸೇರಿದರೆ ಕೊನೆಯ ಸಾಲಿನ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕನ್ನಡ ಶೀರ್ಷಿಕೆಗೆ ಸಾಲಿನ ಎತ್ತರ 1.4ಕ್ಕಿಂತ ಕಡಿಮೆ ಇಡಬಾರದು, ಬರಹದ ಮೈಗೆ 1.625ರ ‘ಲೀಡಿಂಗ್-ರಿಲ್ಯಾಕ್ಸ್ಡ್’ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರತಿ ಪುಟದಲ್ಲೂ ತಿದ್ದುವ ಬದಲು ಟೈಲ್‌ವಿಂಡ್ ತನ್ನ ಅಳತೆಗಳನ್ನು ಇಟ್ಟುಕೊಳ್ಳುವ ಥೀಮಿನಲ್ಲೇ ಒಮ್ಮೆ ಬದಲಿಸಿಬಿಡಬಹುದು.

ಪದಗಳ ಉದ್ದ ಇನ್ನೊಂದು ತೊಡಕು. ‘ನೋಂದಾಯಿಸಿಕೊಳ್ಳಬೇಕಾದವರು’ ಎಂಬ ಒಂದೇ ಪದ ಚಿಕ್ಕ ಪರದೆಯಲ್ಲಿ ಅರ್ಧ ಸಾಲಿಗಿಂತ ಹೆಚ್ಚು ಹಿಡಿಯಬಲ್ಲದು, ಮತ್ತು ಬ್ರೌಸರ್ ಸಾಮಾನ್ಯವಾಗಿ ಸಾಲು ಮುರಿಯುವುದು ಪದಗಳ ನಡುವಿನ ಜಾಗದಲ್ಲಿ. ಫ್ಲೆಕ್ಸ್ ಒಳಗಿನ ಅಂಶ ತನ್ನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ಆಗ ಇಡೀ ಪುಟವೇ ಅಡ್ಡಕ್ಕೆ ಜಾರತೊಡಗುತ್ತದೆ. ‘ಮಿನ್-ಡಬ್ಲ್ಯೂ-0’ ಕೊಟ್ಟರೆ ಅಂಶ ಕಿರಿದಾಗಲು ಒಪ್ಪುತ್ತದೆ, ‘ಬ್ರೇಕ್-ವರ್ಡ್ಸ್’ ಪದವನ್ನು ಮುರಿಯುತ್ತದೆ. ಆದರೆ ಎಲ್ಲೆಂದರಲ್ಲಿ ಮುರಿದ ಕನ್ನಡ ಪದ ಓದಲು ಕಷ್ಟ. ಮುರಿಯಬಹುದಾದ ಕಡೆ ‘ಡಬ್ಲ್ಯೂಬಿಆರ್’ ಟ್ಯಾಗನ್ನು ಕೈಯಾರೆ ಇಡುವುದು ಲೇಸು: ‘ನೋಂದಾಯಿಸಿ’ ಆದ ಮೇಲೊಂದು, ‘ಕೊಳ್ಳಬೇಕಾದವರು’ ಮುಂದಿನ ಸಾಲಿಗೆ. ಪರೀಕ್ಷಿಸುವಾಗಲೂ ಪುಟಕ್ಕೆ ಮಾದರಿ ಇಂಗ್ಲಿಷ್ ಪಠ್ಯ ತುಂಬುವುದನ್ನು ಬಿಟ್ಟು ಇಂಥ ಪದಗಳನ್ನೇ ಹಾಕಿ, 360 ಪಿಕ್ಸೆಲ್ ಅಗಲದಲ್ಲಿ ಮೊದಲು ನೋಡಬೇಕು.