ಡೀಸೆಲ್ ಟ್ಯಾಂಕಿಗೆ ಯೂರಿಯಾ ಬಿದ್ದರೆ ಕೀ ಮುಟ್ಟಬೇಡಿ

ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿ ಕೆಲಸವಿರಲಿ, ಹೊನ್ನಾವರದ ಚಿರೇಕಲ್ಲು ಕ್ವಾರಿಯಿರಲಿ, ಶಿರಸಿ ಕಡೆ ತೋಟಕ್ಕೆ ರಸ್ತೆ ಕಡಿಯುವುದಿರಲಿ, ಜೆಸಿಬಿ, ಹಿಟಾಚಿಗಳು ಬಂಕಿಗೆ ಹೋಗಿ ಡೀಸೆಲ್ ಹಾಕಿಸಿಕೊಳ್ಳುವುದು ಕಡಿಮೆ. ಅವು ನಿಂತಲ್ಲಿಗೇ ಡೀಸೆಲ್ ಬರುತ್ತದೆ. ಅದೇ ಪಿಕಪ್‌ನಲ್ಲಿ ಟಿಪ್ಪರ್‌ನ ಯೂರಿಯಾ ಕ್ಯಾನು, ಹೈಡ್ರಾಲಿಕ್ ಆಯಿಲ್ ಬಕೆಟ್, ಇಂಜಿನ್ ಆಯಿಲ್, ಕೂಲಂಟ್ ಎಲ್ಲವೂ ಒತ್ತೊತ್ತಾಗಿ ಕೂತಿರುತ್ತವೆ. ನಮ್ಮ ಮಳೆಗೆ ಕ್ಯಾನಿನ ಮೇಲಿನ ಚೀಟಿ ಹೆಚ್ಚು ದಿನ ನಿಲ್ಲುವುದಿಲ್ಲ. ಸಂಜೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚ್ ಹಿಡಿದುಕೊಂಡು ಹೆಲ್ಪರ್ ಕೈಗೆ ಸಿಕ್ಕ ಕ್ಯಾನು ಎತ್ತಿ ಸುರಿಯುತ್ತಾನೆ. ಬೆಳಿಗ್ಗೆ ಆಪರೇಟರ್ ಬಂದು ಸ್ಟಾರ್ಟ್ ಮಾಡುತ್ತಾನೆ. ನಷ್ಟ ಶುರುವಾಗುವುದು ಸುರಿದಾಗಲ್ಲ, ಈ ಸ್ಟಾರ್ಟ್‌ನಲ್ಲಿ.

ಈಚೆಗೆ ಇದು ಹೆಚ್ಚಾಗಲು ಕಾರಣವಿದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಟಿಪ್ಪರ್‌ಗಳಿಗೆ ಡಿಇಎಫ್, ಅಂದರೆ ನಾವು ಸೈಟಿನಲ್ಲಿ ಯೂರಿಯಾ ಅನ್ನುವ, ಹೊಗೆಯ ವಿಷ ಕಡಿಮೆ ಮಾಡುವ ದ್ರವ, ಬೇಕೇ ಬೇಕಾಯಿತು. ಪಕ್ಕದಲ್ಲಿ ನಿಂತ ಬ್ಯಾಕ್‌ಹೋಗಳಲ್ಲಿ (ಜನ ಜೆಸಿಬಿ ಅನ್ನುವವು) ಎಷ್ಟೋ ಯಂತ್ರಗಳಿಗೆ ಯೂರಿಯಾ ಟ್ಯಾಂಕೇ ಇಲ್ಲ. ಒಂದೇ ಸೈಟಿನಲ್ಲಿ ಎರಡು ಬಗೆಯ ಯಂತ್ರ, ನೋಡಲು ಒಂದೇ ತರದ 20 ಲೀಟರ್ ಕ್ಯಾನು. ಗೊಂದಲಕ್ಕೆ ಇಷ್ಟು ಸಾಕು.

ತಪ್ಪು ಗೊತ್ತಾದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದೇ: "ಸ್ವಲ್ಪವೇ ಬಿದ್ದದ್ದು, ಮೇಲಿಂದ ಫುಲ್ ಟ್ಯಾಂಕ್ ಡೀಸೆಲ್ ಹೊಡೆದರೆ ಆಯ್ತು." ದಯವಿಟ್ಟು ಹಾಗೆ ಮಾಡಬೇಡಿ. ಯೂರಿಯಾ ದ್ರವದಲ್ಲಿ 32.5 ಶೇಕಡಾ ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಅದು ಡೀಸೆಲ್‌ನೊಂದಿಗೆ ಬೆರೆಯುವುದಿಲ್ಲ. ಲೀಟರಿಗೆ ಸುಮಾರು 1.09 ಕೆ.ಜಿ. ತೂಗುವ ಅದು, ಸುಮಾರು 0.83 ಕೆ.ಜಿ. ತೂಗುವ ಡೀಸೆಲ್‌ನ ಅಡಿಗೆ ಇಳಿದು ಕೂರುತ್ತದೆ. ಡೀಸೆಲ್ ಎಳೆಯುವ ಪೈಪಿನ ಬಾಯಿ ಇರುವುದೂ ಅಲ್ಲೇ. ನೂರು ಲೀಟರ್ ಡೀಸೆಲ್ ಮೇಲೆ ಸುರಿದರೂ ಇಂಜಿನ್ ಮೊದಲು ಕುಡಿಯುವುದು ಅಡಿಯಲ್ಲಿರುವ ಯೂರಿಯಾವನ್ನೇ. ಜೊತೆಗೆ ಆ ನೂರು ಲೀಟರ್ ಡೀಸೆಲ್ಲೂ ಹಾಳು.

ಕೀ ಆಫ್ ಇದ್ದರೆ ಆಫ್ ಆಗಿಯೇ ಇರಲಿ. ಗೇಜ್ ನೋಡಲೆಂದು ಆನ್ ಮಾಡುವುದೂ ಬೇಡ. ಕಾಮನ್ ರೈಲ್ ಇಂಜಿನ್‌ಗಳಲ್ಲಿ (ಭಾರೀ ಒತ್ತಡದ ಡೀಸೆಲನ್ನು ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಹಂಚುವವು) ಹಲವಕ್ಕೆ ವಿದ್ಯುತ್ ಫೀಡ್ ಪಂಪ್ ಇದೆ, ಕೀ ಆನ್ ಆದೊಡನೆ ಅದು ಎಳೆಯಲು ಶುರುಮಾಡುತ್ತದೆ. ಬ್ಯಾಟರಿ ಐಸೋಲೇಟರ್, ಅಂದರೆ ಕರೆಂಟ್ ಕಡಿಯುವ ಸ್ವಿಚ್ ತಿರುಗಿಸಿ ಕೀ ಕಿತ್ತಿಟ್ಟುಕೊಳ್ಳಿ, ಸ್ಟೀರಿಂಗ್‌ಗೆ ಒಂದು ರಟ್ಟಿನ ತುಂಡು ಕಟ್ಟಿ "ಸ್ಟಾರ್ಟ್ ಮಾಡಬೇಡಿ" ಎಂದು ಬರೆಯಿರಿ. ಇಂಜಿನ್ ಓಡುತ್ತಿದ್ದು ಈಗಷ್ಟೇ ನಿಲ್ಲಿಸಿದ್ದಾದರೆ ಒಂದು ಎಚ್ಚರ: ಯೂರಿಯಾ ವ್ಯವಸ್ಥೆ ಇರುವ ಯಂತ್ರಗಳು ಕೀ ತೆಗೆದ ಮೇಲೂ ಕೆಲವು ನಿಮಿಷ ತಮ್ಮ ಪೈಪುಗಳಿಂದ ಯೂರಿಯಾವನ್ನು ಅದರ ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತವೆ. ಆ ಸದ್ದು ನಿಂತ ಮೇಲೆ, ಅಥವಾ ಐಸೋಲೇಟರ್ ಹತ್ತಿರದ ದೀಪ ಆರಿದ ಮೇಲೆ ಕರೆಂಟ್ ಕಡಿಯಿರಿ.

ಈಗ ಬಿದ್ದದ್ದು ಏನು ಎಂದು ನೋಡಬೇಕು. ಟ್ಯಾಂಕಿನ ಡ್ರೈನ್ ಪ್ಲಗ್ ಸಡಿಲಿಸಿ ಖಾಲಿ ನೀರಿನ ಬಾಟಲಿಗೆ ಅರ್ಧ ಲೀಟರ್ ಹಿಡಿಯಿರಿ. ಬಾಟಲಿ ಒಣಗಿರಬೇಕು. ಹತ್ತು ಹದಿನೈದು ನಿಮಿಷ ಅಲುಗಿಸದೆ ಬಾನೆಟ್ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ಮೇಲೆ ಹಳದಿ ಡೀಸೆಲ್, ಕೆಳಗೆ ಬಣ್ಣವಿಲ್ಲದ ಪದರ, ನಡುವೆ ಗೆರೆ ಎಳೆದಂತೆ ಗಡಿ ಕಾಣುತ್ತದೆ. ಆದರೆ ಕರಾವಳಿಯ ಮಳೆಗಾಲದಲ್ಲಿ ಆ ಪದರ ಬರೀ ಮಳೆನೀರೂ ಆಗಿರಬಹುದು. ಅದನ್ನು ತಿಳಿಯಲು ಕೆಳಗಿನ ಪದರದ ನಾಲ್ಕು ಹನಿಯನ್ನು ಸ್ಟೀಲ್ ಚಮಚದಲ್ಲಿ ತೆಗೆದು, ಯಂತ್ರದಿಂದ, ಡೀಸೆಲ್‌ನಿಂದ ದೂರ ಹೋಗಿ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಆರಿಸಿ. ಮಳೆನೀರಾದರೆ ಚಮಚದಲ್ಲಿ ಏನೂ ಉಳಿಯುವುದಿಲ್ಲ. ಯೂರಿಯಾ ಆದರೆ ಉಪ್ಪಿನಂಥ ಬಿಳಿ ಹರಳು ಅಂಟಿಕೊಳ್ಳುತ್ತದೆ, ಇನ್ನೂ ಕಾಯಿಸಿದರೆ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬರುತ್ತದೆ.

ಆ ಬಿಳಿ ಹರಳೇ ಮುಂದಿನ ಕೆಲಸವನ್ನೆಲ್ಲ ನಿರ್ಧರಿಸುತ್ತದೆ. ಯೂರಿಯಾ ನೀರಿನಲ್ಲಿ ಕರಗುತ್ತದೆ, ಡೀಸೆಲ್‌ನಲ್ಲಿ ಕರಗುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ ನಾಲ್ಕು ಲೀಟರ್ ಡೀಸೆಲ್ ಹಾಕಿ ಕುಲುಕಿ ತೆಗೆದರೆ ಸ್ವಚ್ಛವಾಯಿತು ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಮೂಲೆಯಲ್ಲಿ ಉಳಿದ ತೇವ ಒಣಗಿ ಹರಳಾಗಿ, ವಾರದ ನಂತರ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಸರಿಯಾದ ಕ್ರಮ ಹೀಗೆ. ಟ್ಯಾಂಕನ್ನು ಅಡಿಯ ಪ್ಲಗ್‌ನಿಂದಲೇ ಪೂರ್ತಿ ಖಾಲಿ ಮಾಡಿ. ಮೇಲಿಂದ ಪೈಪ್ ಹಾಕಿ ಎಳೆದರೆ ಹೊರಗೆ ಬರುವುದು ಒಳ್ಳೆ ಡೀಸೆಲ್, ಒಳಗೆ ಉಳಿಯುವುದು ಯೂರಿಯಾ. ಯಂತ್ರ ಓರೆಯಾಗಿ ನಿಂತಿದ್ದರೆ ಪ್ಲಗ್ ಇಲ್ಲದ ಮೂಲೆಯಲ್ಲಿ ಒಂದೆರಡು ಲೀಟರ್ ನಿಂತೇ ಇರುತ್ತದೆ. ಅಲ್ಲಿಗೆ ಪೈಪಿನ ತುದಿ ಮುಟ್ಟಿಸಿ ಎಳೆಯಿರಿ. ಆಮೇಲೆ ಗೇಜ್ ಸೆಂಡರ್ (ಡೀಸೆಲ್ ಮಟ್ಟ ಅಳೆಯುವ ಭಾಗ) ಮತ್ತು ಜಾಲರಿ ಬಿಚ್ಚಿ, ಇಂಜಿನ್‌ಗೆ ಹೋಗುವ ಮತ್ತು ವಾಪಸ್ ಬರುವ ಪೈಪುಗಳನ್ನು ಟ್ಯಾಂಕಿನ ಬಳಿಯೇ ಕಳಚಿ ಬಾಯಿ ಮುಚ್ಚಿ. ಉಗುರು ಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಐದು ಲೀಟರ್‌ನಂತೆ ಎರಡು ಸಲ ಟ್ಯಾಂಕಿಗೆ ಮಾತ್ರ ಹಾಕಿ ತೊಳೆಯಿರಿ. ಪಂಪ್, ರೈಲ್, ಇಂಜೆಕ್ಟರ್ ಕಡೆಗೆ ಒಂದು ಹನಿ ನೀರೂ ಹೋಗಕೂಡದು. ಕಂಪ್ರೆಸರ್ ಗಾಳಿ ಮತ್ತು ನೂಲು ಬಿಡದ ಬಟ್ಟೆಯಿಂದ ಒಣಗಿಸಿ. ನಮ್ಮ ತೇವದ ಹವೆಯಲ್ಲಿ ಒಂದು ರಾತ್ರಿ ಬಾಯಿ ತೆರೆದಿಟ್ಟರೆ ಒಣಗುತ್ತದೆ ಎಂದು ಭಾವಿಸಬೇಡಿ, ಇನ್ನಷ್ಟು ಬೆವರುತ್ತದೆ. ಒಣಗಿದ ಮೇಲೆ ಐದು ಲೀಟರ್ ಡೀಸೆಲ್‌ನಿಂದ ತೊಳೆದು ತೆಗೆಯಿರಿ. ನೀರು ಬೇರ್ಪಡಿಸುವ ಫಿಲ್ಟರ್ ಮತ್ತು ಫೈನ್ ಫಿಲ್ಟರ್ ಎರಡನ್ನೂ ಹೊಸದು ಹಾಕಿ, ಹ್ಯಾಂಡ್ ಪ್ರೈಮರ್‌ನಿಂದ, ಅಂದರೆ ಕೈಪಂಪಿನಿಂದ ಗಾಳಿ ತೆಗೆದು, ಬಾಟಲಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದ ಮೇಲೆ ಸ್ಟಾರ್ಟ್.

ಇಂಜಿನ್ ಆಗಲೇ ಓಡಿದ್ದರೆ? ದ್ರವ ಎಲ್ಲಿಯವರೆಗೆ ತಲುಪಿದೆ ಎಂಬುದರ ಮೇಲೆ ಖರ್ಚು ನಿಂತಿದೆ. ಮೊದಲು ಫಿಲ್ಟರ್ ಬಟ್ಟಲನ್ನು ಬಿಚ್ಚಿ ಚಮಚದ ಪರೀಕ್ಷೆ ಮಾಡಿ. ಅಲ್ಲಿ ಯೂರಿಯಾ ಇಲ್ಲದಿದ್ದರೆ ಬಚಾವ್, ಟ್ಯಾಂಕ್ ಕೆಲಸವೇ ಸಾಕು. ಬಟ್ಟಲಿನಲ್ಲಿ ಸಿಕ್ಕಿದರೆ ಇಂಜೆಕ್ಟರ್‌ನಿಂದ ವಾಪಸ್ ಬರುವ ಪೈಪಿನಿಂದಲೂ ಸ್ಯಾಂಪಲ್ ತೆಗೆಯಿರಿ. ಅಲ್ಲೂ ಇದ್ದರೆ ಹೈ ಪ್ರೆಷರ್ ಪಂಪ್, ರೈಲ್, ಇಂಜೆಕ್ಟರ್‌ಗಳು ಸಂಶಯಕ್ಕೆ ಬಿದ್ದಂತೆ. ಈ ಪಂಪ್‌ನ ಒಳಭಾಗಕ್ಕೆ ಡೀಸೆಲ್ಲೇ ಎಣ್ಣೆ. ಸಾವಿರಕ್ಕೂ ಮಿಕ್ಕ ಬಾರ್ ಒತ್ತಡದಲ್ಲಿ, ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದಿನಲ್ಲಿ ಲೋಹಕ್ಕೆ ಲೋಹ ಜಾರುವಾಗ ನಡುವೆ ನೀರು ಬಂದರೆ ಉಜ್ಜುತ್ತದೆ, ಉದುರಿದ ಲೋಹದ ಪುಡಿ ಇಂಜೆಕ್ಟರ್‌ಗೆ ಹೋಗುತ್ತದೆ. ಒಂದು ಇಂಜೆಕ್ಟರ್ ಬದಲಿಸಿ ನೋಡೋಣ ಎನ್ನುವ ಲೆಕ್ಕ ಇಲ್ಲಿ ದುಬಾರಿ. ಬಿಚ್ಚಿ ಪರೀಕ್ಷಾ ಬೆಂಚಿನ ಮೇಲೆ ಎಲ್ಲವನ್ನೂ ನೋಡಿಸಿ. ಯಂತ್ರವನ್ನು ಹಾಗೇ ಬಿಟ್ಟು ನಾಲ್ಕು ದಿನ ಮೆಕ್ಯಾನಿಕ್‌ಗೆ ಕಾಯುವುದೂ ತಪ್ಪು. ಒದ್ದೆ ಇರುವಾಗ ಉಳಿಯಬಹುದಾದ ಭಾಗ ಹರಳು ಕಟ್ಟಿದ ಮೇಲೆ ಉಳಿಯುವುದಿಲ್ಲ.

ತಿರುಗಾಮುರುಗಾ, ಯೂರಿಯಾ ಟ್ಯಾಂಕಿಗೆ ಡೀಸೆಲ್ ಬಿದ್ದರೆ ಅದು ತೇಲುತ್ತದೆ. ಆ ವ್ಯವಸ್ಥೆಯ ರಬ್ಬರ್ ಸೀಲುಗಳು ಡೀಸೆಲ್ ಸೋಕಿದರೆ ಉಬ್ಬುತ್ತವೆ. ಓಡಿಸದಿದ್ದರೆ ಟ್ಯಾಂಕ್ ಬಿಚ್ಚಿ ತೊಳೆದು, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಿಂದ ಜಾಲಿಸಿ ಉಳಿಸಿಕೊಳ್ಳಬಹುದು. ಓಡಿಸಿದ್ದರೆ ಡೋಸಿಂಗ್ ಪಂಪ್, ಪೈಪು, ಸಿಂಪಡಿಸುವ ನಳಿಕೆ ಬದಲಾಯಿಸಲು ತಯಾರಾಗಿ. ಯೂರಿಯಾ ಕಡಿಮೆಯಾಯಿತೆಂದು ಬಾವಿ ನೀರು ಸೇರಿಸುವವರೂ ಇದ್ದಾರೆ. ಅದರ ಸುಣ್ಣದ ಅಂಶ ಹೊಗೆ ಶುದ್ಧ ಮಾಡುವ ಕೆಟಲಿಸ್ಟ್‌ನ ಒಳಗೆ ಕೂತರೆ ತೆಗೆಯುವ ದಾರಿಯಿಲ್ಲ.

ಖರ್ಚಿನ ಮಾತು ಬಿಟ್ಟು ಜೀವದ ಮಾತಿಗೆ ಬಂದರೆ ನನಗೆ ಎಲ್ಲಕ್ಕಿಂತ ಭಯ ಬ್ರೇಕ್ ಡಬ್ಬಿಯದು, ಅಂದರೆ ಯಂತ್ರದಲ್ಲಿ ಬ್ರೇಕ್ ಆಯಿಲ್ ತುಂಬುವ ಡಬ್ಬಿಯದು. ಕಾರು, ಬೈಕಿನ ಡಾಟ್-3, ಡಾಟ್-4 ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು. ಹಲವು ಬ್ಯಾಕ್‌ಹೋಗಳ ಬ್ರೇಕಿಗೆ ಬೇಕಾದದ್ದು ತೆಳು ಮಿನರಲ್ ಆಯಿಲ್. ಒಂದಕ್ಕೆ ಒಗ್ಗುವ ರಬ್ಬರ್ ಇನ್ನೊಂದಕ್ಕೆ ಒಗ್ಗುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಬ್ರೇಕ್ ಆಯಿಲ್ ಕೊಡಿ ಅಂದರೆ ಕೊಡುವುದು ಡಾಟ್-3 ಬಾಟಲಿ. ಅದನ್ನು ಹಾಕಿದ ದಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಅಪಾಯ ಇರುವುದು ಅಲ್ಲೇ. ಆಮೇಲೆ ಸೀಲು ಮೆದುವಾಗಿ ಉಬ್ಬಿ, ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ, ಇಲ್ಲವೇ ಒತ್ತಿದ ಬ್ರೇಕ್ ಬಿಡದೆ ಬಿಸಿಯಾಗುತ್ತದೆ. ಯಂತ್ರ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಯುವಾಗ ಹಾಗಾದರೆ ಏನು ಗತಿ?

ಪರೀಕ್ಷೆಗೆ ಒಂದು ಲೋಟ ನೀರು ಸಾಕು. ಬ್ರೇಕ್ ಡಬ್ಬಿಯ ಐದಾರು ಹನಿ ಅದರಲ್ಲಿ ಬಿಡಿ. ಮಿನರಲ್ ಆಯಿಲ್ ಸಾರಿನ ಒಗ್ಗರಣೆ ಎಣ್ಣೆಯಂತೆ ತೇಲಿ ನಿಲ್ಲುತ್ತದೆ. ಡಾಟ್ ಆಯಿಲ್ ಕಲಕಿದರೆ ನೀರಿನಲ್ಲಿ ಕರಗಿ ಮಾಯವಾಗುತ್ತದೆ. ಎರಡೂ ಆದರೆ ಎರಡೂ ಬೆರೆತಿವೆ ಎಂದರ್ಥ. ಆಗ ಡಬ್ಬಿ ಖಾಲಿ ಮಾಡಿ ಸರಿಯಾದ ಆಯಿಲ್ ತುಂಬಿದರೆ ಸಾಲದು. ಮಾಸ್ಟರ್ ಸಿಲಿಂಡರ್‌ನಿಂದ ಆಕ್ಸಲ್‌ನ ಬ್ರೇಕ್ ಪಿಸ್ಟನ್‌ವರೆಗೆ ಪ್ರತಿ ರಬ್ಬರ್ ಭಾಗ, ರಬ್ಬರ್ ಹೋಸ್ ಹೊಸದು ಹಾಕಲೇಬೇಕು, ಲೋಹದ ಪೈಪು ತೊಳೆಯಬೇಕು. ಅಲ್ಲಿಯವರೆಗೆ ಯಂತ್ರ ತನ್ನ ಬ್ರೇಕ್ ನಂಬಿ ಒಂದು ಅಡಿಯೂ ಇಳಿಜಾರಿನಲ್ಲಿ ಹೋಗಬಾರದು. ಟ್ರೇಲರ್ ಮೇಲೂ ವಿಂಚ್ ಹಾಕಿ ಎಳೆಯಿರಿ.

ಹೈಡ್ರಾಲಿಕ್ ಟ್ಯಾಂಕಿಗೆ ಇಂಜಿನ್ ಆಯಿಲ್ ಬಿದ್ದಾಗ ಅಷ್ಟು ಗಾಬರಿ ಬೇಡ. 46 ಅಥವಾ 68 ನಂಬರಿನ ಹೈಡ್ರಾಲಿಕ್ ಆಯಿಲ್‌ಗೆ ನಾಲ್ಕೈದು ಲೀಟರ್ 15ಡಬ್ಲ್ಯೂ-40 ಇಂಜಿನ್ ಆಯಿಲ್ ಸೇರಿದರೆ ಯಂತ್ರ ಅಂದೇ ಕೆಡುವುದಿಲ್ಲ. ಆದರೆ ಇಂಜಿನ್ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ನೀರನ್ನು ಅಡಿಗಿಳಿಯಲು ಬಿಡದೆ ಆಯಿಲ್‌ನಲ್ಲೇ ಹಿಡಿದಿಡುತ್ತದೆ. ಒಳನಾಡಿನ ಒಣ ಹವೆಯಲ್ಲಿ ನಡೆದುಹೋಗುವ ಈ ಬೆರಕೆ ಕಾರವಾರದ ಜುಲೈನಲ್ಲಿ ನಡೆಯುವುದಿಲ್ಲ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾದರೆ ಪಂಪ್‌ಗೆ ಪೆಟ್ಟು. ಮುಂದಿನ ಸರ್ವಿಸ್‌ಗೆ ಕಾಯದೆ ಬದಲಿಸಿ.

ಯೂರಿಯಾ, ಕೂಲಂಟ್ ಅಥವಾ ಡಾಟ್ ಆಯಿಲ್ ಹೈಡ್ರಾಲಿಕ್‌ಗೆ ಬಿದ್ದರೆ ಮಾತ್ರ ಒಂದು ಲಿವರ್ ಕೂಡ ಎಳೆಯಬೇಡಿ. ಎಳೆದರೆ ಅದು ಸಿಲಿಂಡರ್, ಮೋಟಾರ್, ವಾಲ್ವ್ ಎಲ್ಲೆಡೆ ಹೋಗುತ್ತದೆ. ಟ್ಯಾಂಕಿನಲ್ಲಿ ಇರುವುದು ಒಟ್ಟು ಆಯಿಲ್‌ನ ಒಂದು ಪಾಲು ಮಾತ್ರ, ಉಳಿದದ್ದು ಬೂಮ್, ಆರ್ಮ್, ಹೋಸ್‌ಗಳಲ್ಲಿದೆ. ಟ್ಯಾಂಕ್ ಖಾಲಿ ಮಾಡಿದಾಗ 60 ಶೇಕಡಾ ಹೊರಬರುತ್ತದೆ ಅನ್ನಿ. 4 ಶೇಕಡಾ ಬೆರಕೆ ಇದ್ದದ್ದು ಮೊದಲ ಬದಲಾವಣೆಗೆ 1.6, ಎರಡನೆಯದಕ್ಕೆ 0.64 ಆಗುತ್ತದೆ. ಒಮ್ಮೆ ಬದಲಿಸಿ ಮುಗಿಯಿತು ಎನ್ನುವ ಹಾಗಿಲ್ಲ. ದುಡ್ಡು ಉಳಿಸುವ ದಾರಿಯೆಂದರೆ ಬಕೆಟ್ ನೆಲಕ್ಕೂರಿ, ಒತ್ತಡ ಬಿಟ್ಟು, ಪ್ರತಿ ಸಿಲಿಂಡರ್‌ನ ಹೋಸ್ ಕಳಚಿ ಒಳಗಿನ ಆಯಿಲ್ ಬ್ಯಾರಲ್ಲಿಗೆ ಬಸಿಯುವುದು. ರಿಟರ್ನ್ ಫಿಲ್ಟರ್, ಪೈಲಟ್ ಫಿಲ್ಟರ್ (ಲಿವರ್‌ಗಳ ನಿಯಂತ್ರಣ ಲೈನಿನದು) ಹೊಸದು ಹಾಕಿ, ಸಕ್ಷನ್ ಜಾಲರಿ ತೊಳೆಯಿರಿ. ಹೊಸ ಆಯಿಲ್ ತುಂಬಿದ ಮೇಲೆ ಮೊದಲು ಪಂಪ್‌ನ ಮೈಯೊಳಗೆ ಆಯಿಲ್ ತುಂಬಿ ಗಾಳಿ ತೆಗೆಯಬೇಕು. ಇದನ್ನು ಮರೆತು ಸ್ಟಾರ್ಟ್ ಮಾಡಿದರೆ ಬೆರಕೆಯಿಂದ ಉಳಿದ ಪಂಪ್ ಒಣ ಓಟದಿಂದ ಹೋಗುತ್ತದೆ. ಆಮೇಲೆ ಹತ್ತು ನಿಮಿಷ ಸ್ಲೋ ಐಡಲ್, ನಂತರ ಒಂದೊಂದೇ ಲಿವರ್.

ಒಳಗೆ ಆಯಿಲ್‌ನಲ್ಲೇ ಮುಳುಗಿದ ಬ್ರೇಕ್ ಇರುವ ಆಕ್ಸಲ್‌ಗೆ ಮಾಮೂಲಿ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಒತ್ತಿದಾಗ ಕರ್ಕಶ ಸದ್ದು, ನಡುಕ ಬರುತ್ತದೆ. ಬಸಿದು ಬದಲಿಸಿ. ಕೂಲಂಟ್‌ನಲ್ಲಿ ಬಣ್ಣ ನಂಬಬೇಡಿ, ಹಸಿರು ಎಂದ ಮಾತ್ರಕ್ಕೆ ಎಲ್ಲ ಹಸಿರೂ ಒಂದೇ ರಸಾಯನವಲ್ಲ. ಕಡಲ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಆ ನೀರು ರೇಡಿಯೇಟರ್‌ಗೆ ಬೇಡವೇ ಬೇಡ.

ಬಸಿದ ಬೆರಕೆಯನ್ನು ಹಳೇ ಯಂತ್ರಕ್ಕೆ ಹಾಕಿ ಮುಗಿಸುವುದೂ ಬೇಡ, ಹಳ್ಳದ ಬದಿಗೆ ಸುರಿಯುವುದೂ ಬೇಡ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ನಮ್ಮ ಗುಡ್ಡದ ಮೇಲೆ ಚೆಲ್ಲಿದ್ದು ಕೆಳಗಿನ ತೋಟದ ಬಾವಿಗೆ ಇಳಿಯುತ್ತದೆ.

ಮಾಲೀಕರಿಗೆ ಒಂದು ಮಾತು. ತಪ್ಪು ಕ್ಯಾನು ಸುರಿದ ಹುಡುಗನಿಗೆ ಅದು ಆ ಕ್ಷಣವೇ ಗೊತ್ತಾಗಿರುತ್ತದೆ. ಬೈಗುಳಕ್ಕೆ, ಸಂಬಳ ಹಿಡಿಯುತ್ತಾರೆಂಬ ಹೆದರಿಕೆಗೆ ಸುಮ್ಮನಾಗುತ್ತಾನೆ. ಹೇಳಿದವನ ಸಂಬಳ ಹಿಡಿಯುವುದಿಲ್ಲ ಎಂದು ಇವತ್ತೇ ಎಲ್ಲರ ಎದುರು ಹೇಳಿಬಿಡಿ. ರಾತ್ರಿ ಹೇಳಿದರೆ ಹೋಗುವುದು ಒಂದು ಟ್ಯಾಂಕ್ ಡೀಸೆಲ್, ಎರಡು ಫಿಲ್ಟರ್. ಬೆಳಿಗ್ಗೆಯವರೆಗೆ ಮುಚ್ಚಿಟ್ಟರೆ ಇಂಜೆಕ್ಷನ್ ವ್ಯವಸ್ಥೆಯೇ ಹೋಗಬಹುದು.

ಯೂರಿಯಾ ತನ್ನ ಕಂಪನಿ ಕ್ಯಾನಿನಲ್ಲೇ ಇರಲಿ, ಡೀಸೆಲ್ ಕ್ಯಾನಿಗೆ ಎಂದೂ ಬಗ್ಗಿಸಬೇಡಿ. ಅದಕ್ಕೆ ಬೇರೆಯದೇ ಪ್ಲಾಸ್ಟಿಕ್ ಆಲಿಕೆ ಇಡಿ, ತಗಡಿನದು ಬೇಡ. ಚೀಟಿಯ ಬದಲು ಕ್ಯಾನಿನ ಕುತ್ತಿಗೆಗೂ ಟ್ಯಾಂಕಿನ ಮುಚ್ಚಳಕ್ಕೂ ಒಂದೇ ಬಣ್ಣದ ಆಯಿಲ್ ಪೇಂಟ್ ಬಳಿಯಿರಿ. ಹೊರಗೆ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಬ್ಯಾರಲ್ ಉಸಿರೆಳೆದಂತೆ ಆ ನೀರನ್ನು ಬಿರಡೆಯ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ, ಬಿರಡೆ ಎಷ್ಟೇ ಬಿಗಿಯಿದ್ದರೂ. ಅದಕ್ಕೆ ಬ್ಯಾರಲ್ಲನ್ನು ಅಡ್ಡ ಮಲಗಿಸಿ, ಎರಡೂ ಬಿರಡೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರುವಂತೆ ಇಟ್ಟು, ಮೇಲೊಂದು ಟಾರ್ಪಾಲು ಹೊದಿಸಿ.